ಮನಸ್ಸು ಮುರಿದಾಗ ಜಪಾನಿ ಹಾಡು: ಯಾವುದು, ಯಾವ ಕ್ರಮದಲ್ಲಿ

ಪ್ರೀತಿ ಕೈಬಿಟ್ಟ ರಾತ್ರಿ ಮೊಬೈಲಿನಲ್ಲಿ ‘ಸ್ಯಾಡ್ ಜಪಾನೀಸ್ ಸಾಂಗ್ಸ್’ ಎಂದು ಹುಡುಕಿದರೆ ಪಟ್ಟಿಗಳಿಗೇನೂ ಬರವಿಲ್ಲ. ತೊಂದರೆ ಏನೆಂದರೆ, ಬಿಟ್ಟುಹೋದವರ ಹಾಡು, ಸತ್ತವರ ಹಾಡು, ಕೈ ಹಿಡಿದು ಸಂತೋಷವಾಗಿ ನಡೆಯುತ್ತಿರುವವರ ಹಾಡು, ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿರುತ್ತಾರೆ. ಭಾಷೆ ಬಾರದ ನಮಗೆ ಪಿಯಾನೊ ಕೇಳಿಸಿದರೆ ಎಲ್ಲವೂ ವಿರಹವೇ. ಹಾಗಾಗಿ ಮೊದಲು ನೋವು ಯಾವ ನಮೂನೆಯದು ಎಂದು ನೋಡಿಕೊಂಡು ಆಮೇಲೆ ಹಾಡು ಆರಿಸಬೇಕು.

ಅವರೇ ಬಿಟ್ಟುಹೋಗಿದ್ದರೆ ಉತಾದಾ ಹಿಕಾರು ಅವರ ‘ಫಸ್ಟ್ ಲವ್’ (1999) ಮೊದಲು. ಬಿಡುಗಡೆಯಾದಾಗ ಗಾಯಕಿಗೆ 16 ವರ್ಷ. ಕೊನೆಯ ಮುತ್ತಿಗೆ ಸಿಗರೇಟಿನ ರುಚಿ ಇತ್ತು ಎಂಬಲ್ಲಿಂದ ಹಾಡು ಶುರುವಾಗುತ್ತದೆ, ಅತ್ತು ಕರೆಯುವುದಿಲ್ಲ. ಹೋದವರನ್ನು ಇನ್ನೂ ಬೀದಿಯಲ್ಲಿ ಹುಡುಕುತ್ತಿದ್ದೀರಿ ಎಂದಾದರೆ ಯಾಮಾಝಾಕಿ ಮಾಸಾಯೋಶಿ ಅವರ ‘ವನ್ ಮೋರ್ ಟೈಮ್, ವನ್ ಮೋರ್ ಚಾನ್ಸ್’ (1997). ಎದುರಿನ ಪ್ಲಾಟ್‌ಫಾರ್ಮ್, ಓಣಿಯ ಕಿಟಕಿ, ಕೊನೆಗೆ ಯೋಕೋಹಾಮಾದ ಸಾಕುರಾಗಿಚೋ. ಅಲ್ಲಿ ಇರಲಾರರು ಎಂದು ಗೊತ್ತಿದ್ದೂ ಹುಡುಕುವ ಹಾಡು ಅದು. ಶಿಂಕಾಯ್ ಮಾಕೊತೊ ಅವರ 2007ರ ಆ್ಯನಿಮೇಷನ್ ಚಿತ್ರ ‘5 ಸೆಂಟಿಮೀಟರ್ಸ್ ಪರ್ ಸೆಕೆಂಡ್’ನಿಂದ ಅನೇಕರಿಗೆ ಇದರ ಪರಿಚಯ.

ಶುರುವೇ ಆಗದ ಪ್ರೀತಿಗೆ ಆಫಿಶಿಯಲ್ ಹಿಗೆ ದಾಂದಿಸ್ಮ್ ತಂಡದ ‘ಪ್ರಿಟೆಂಡರ್’ (2019). ನಿನ್ನ ಹಣೆಯಲ್ಲಿ ಬರೆದವನು ನಾನಲ್ಲ ಎಂದು ತಾನೇ ಒಪ್ಪಿಕೊಳ್ಳುವವನ ಮಾತು. ತಾಳ ಸ್ವಲ್ಪ ಚುರುಕು, ಅದರಿಂದ ಮೋಸ ಹೋಗಬೇಡಿ. ಜಗಳವಾಡಿ ಬೇರೆಯಾದವರಿಗೆ ಯೂರಿ ಅವರ ಜೋಡಿ ಹಾಡು: ‘ಕಾಕುರೆಂಬೊ’ (2019) ಹುಡುಗನ ಕಡೆಯದು, ‘ಡ್ರೈ ಫ್ಲವರ್’ (2020) ಅದೇ ಕತೆ ಹುಡುಗಿಯ ಕಡೆಯಿಂದ. ಎರಡನ್ನೂ ಹಾಡುವುದು ಒಬ್ಬನೇ ಗಂಡಸು, ಹಾಗಾಗಿ ಗೊತ್ತಿಲ್ಲದಿದ್ದರೆ ಉತ್ತರ ಕೊಡುತ್ತಿರುವವಳು ಅವಳು ಎಂದು ಹೊಳೆಯುವುದೇ ಇಲ್ಲ. ಹಿಂದುಮುಂದು ಮಾಡದೆ ಕೇಳಿ.

ಎರಡನ್ನು ಪಟ್ಟಿಯಿಂದ ತೆಗೆಯಿರಿ. ಯೊನೆಝು ಕೆನ್ಶಿ ಅವರ ‘ಲೆಮನ್’ (2018) ಮತ್ತು ಹಿರಾಯ್ ಕೆನ್ ಅವರ ‘ಹಿತೋಮಿ ಒ ತೋಜಿತೆ’ (2004), ಇವೆರಡೂ ಸಾವಿನ ಹಾಡುಗಳು. ಬದುಕಿರುವವರನ್ನು ಸತ್ತವರಂತೆ ಅಳಲು ಶುರು ಮಾಡಿದರೆ ದುಃಖ ಬೇರೆ ದಾರಿ ಹಿಡಿಯುತ್ತದೆ. ನಾಕಾಶಿಮಾ ಮಿಕಾ ಅವರ ‘ಯುಕಿ ನೊ ಹಾನಾ’ (2003) ಇನ್ನೂ ಅಪಾಯಕಾರಿ: ರಾಗ ಕಣ್ಣೀರಿನದು, ಸಾಹಿತ್ಯ ಮಾತ್ರ ಮೊದಲ ಹಿಮವನ್ನು ಜೊತೆಯಾಗಿ ನೋಡುತ್ತಿರುವ ಜೋಡಿಯದು. ಅರ್ಥ ತಿಳಿದ ಕ್ಷಣ ಹೊಟ್ಟೆಯಲ್ಲಿ ಸಂಕಟ ಶುರು.

ಕಿವಿಯ ತಯಾರಿ

ಧಾರವಾಡದ ಕಡೆಯವರಿಗೆ ಇಲ್ಲಿ ಒಂದು ಅನುಕೂಲವಿದೆ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲರನ್ನು ಕೇಳಿ ಬೆಳೆದ ಕಿವಿಗೆ ಎಂಕಾ ಎಂಬ ಜಪಾನಿನ ಹಳೆಯ ಹಾಡಿನ ಶೈಲಿ ಅಪರಿಚಿತ ಅನ್ನಿಸುವುದಿಲ್ಲ. ಎಂಕಾದಲ್ಲಿ ಮಧ್ಯಮ, ನಿಷಾದ ಬಿಟ್ಟ ಐದು ಸ್ವರಗಳ ಬಳಕೆ ಹೆಚ್ಚು. ಅದರ ಹಿಗ್ಗಿನ ರೂಪ ನಮ್ಮ ಭೂಪ ರಾಗದ ಸ್ವರಗಳೇ. ಅಳುವ ರೂಪದ ಸ್ವರಗಳು ಶಿವರಂಜನಿಯ ಪಕ್ಕದವು, ಧೈವತ ಮಾತ್ರ ಕೋಮಲ. ಮನೆಯಲ್ಲಿ ಪೇಟಿ ಇದ್ದರೆ ಬಿಳಿ 6ನ್ನು ಷಡ್ಜ ಮಾಡಿ: ಬಿಳಿ 6, 7, ಮೇಲಿನ ಸಪ್ತಕದ 1, 3, 4. ಕರಿ ಮನೆ ಒಂದೂ ಬೇಡ. ಎರಡು ಸಲ ಏರಿಳಿದರೆ ಎಂಕಾದ ಬಣ್ಣ ಸಿಗುತ್ತದೆ. ಅವರು ಕೊಬುಶಿ ಎನ್ನುವ ಗಂಟಲಿನ ಹೊರಳು ನಮ್ಮ ಮುರ್ಕಿಗೆ ಹತ್ತಿರ.

ಹೊಸ ಬ್ಯಾಲಡ್‌ಗಳ ಕಟ್ಟೋಣ ಬೇರೆ. ‘ಏ-ಮೆಲೊ’ ಎಂಬ ಮೊದಲ ಭಾಗ ಮೆತ್ತಗೆ, ‘ಬಿ-ಮೆಲೊ’ ಎಂಬ ಎರಡನೆಯದರಲ್ಲಿ ಕುದಿ, ಆಮೇಲೆ ‘ಸಾಬಿ’ ಎಂಬ ಮುಖ್ಯ ಭಾಗ. ಅಲ್ಲಿ ಭಾಳ ಬಳಕೆಯಲ್ಲಿರುವ ಸ್ವರಮೇಳದ (ಕಾರ್ಡ್‌ಗಳ) ಸಾಲಿಗೆ ‘ಓದೊ ಶಿಂಕೊ’ ಎನ್ನುತ್ತಾರೆ: ಮಧ್ಯಮದ ಮೇಳ, ಪಂಚಮದ್ದು, ಗಾಂಧಾರದ್ದು, ಧೈವತದ್ದು. ಪಂಚಮ ಬಂದ ಕೂಡಲೇ ಕಿವಿ ಷಡ್ಜಕ್ಕೆ ಕಾಯುತ್ತದೆ, ಹಾಡು ಅದನ್ನು ಕೊಡದೆ ಪಕ್ಕಕ್ಕೆ ಸರಿಯುತ್ತದೆ. ಭಾಷೆ ಗೊತ್ತಿಲ್ಲದವರ ಕಣ್ಣೂ ಒದ್ದೆಯಾಗುವುದಕ್ಕೆ ಇದು ಒಂದು ಕಾರಣ. ರೀಲ್ಸ್‌ನಲ್ಲಿ ಬರೀ ಸಾಬಿ ಕೇಳುವುದು ಇದಕ್ಕೇ ವ್ಯರ್ಥ, ಏರು ಇಲ್ಲದೆ ಇಳಿತ ಸಿಗುವುದಿಲ್ಲ.

ಕ್ರಮ

ಸಂಗೀತ ಚಿಕಿತ್ಸೆಯಲ್ಲಿ ಐಸೊ ತತ್ವ ಎಂಬುದಿದೆ: ಮೊದಲ ಹಾಡು ಮನಸ್ಸು ಈಗ ಎಲ್ಲಿದೆಯೋ ಅಲ್ಲಿಗೆ ಹೊಂದಬೇಕು, ಮುಂದಿನವು ಸಾವಕಾಶ ಬೇರೆ ಕಡೆ ಒಯ್ಯಬೇಕು. ಏಳು ಹಾಡು, ಸುಮಾರು ಅರ್ಧ ಗಂಟೆ ಸಾಕು.

1. ‘ಫಸ್ಟ್ ಲವ್’. ಪ್ರೀತಿ ಏಕಮುಖವಾಗಿದ್ದರೆ ಇಲ್ಲಿ ‘ಪ್ರಿಟೆಂಡರ್’ ಇಡಿ.
2. ‘ಕಾಕುರೆಂಬೊ’
3. ‘ಡ್ರೈ ಫ್ಲವರ್’
4. ‘ವನ್ ಮೋರ್ ಟೈಮ್, ವನ್ ಮೋರ್ ಚಾನ್ಸ್’. ಅಳು ಬರುವುದಿದ್ದರೆ ಇಲ್ಲೇ ಬರಲಿ, ತಡೆಯಬೇಡಿ.
5. ಇಶಿಕಾವಾ ಸಾಯುರಿ ಅವರ ‘ತ್ಸುಗಾರು ಕಾಯ್ಕ್ಯೊ ಫುಯುಗೆಶಿಕಿ’ (1977)
6. ಮಿಯಾಕೊ ಹಾರುಮಿ ಅವರ ‘ಕಿತಾ ನೊ ಯಾದೊ ಕಾರಾ’ (1975)
7. ಸಾಕಾಮೊತೊ ಕ್ಯೂ ಅವರ ‘ಉಎ ಒ ಮುಯ್ತೆ ಆರುಕೊ’ (1961)

ಐದು, ಆರು ಎಂಕಾ. ಇವನ್ನು ‘ಹಳೇ ಹಾಡು’ ಎಂದು ಹಾರಿಸುವವರೇ ಹೆಚ್ಚು, ಕೆಲಸ ಮಾಡುವುದು ಮಾತ್ರ ಅವೇ. ಐದನೆಯದರಲ್ಲಿ ಹೆಣ್ಣೊಬ್ಬಳು ಟೋಕಿಯೋದ ಉಎನೊದಿಂದ ರಾತ್ರಿ ರೈಲು ಹತ್ತಿ, ಹಿಮ ಬೀಳುವ ಆಓಮೊರಿಯಲ್ಲಿ ಇಳಿದು, ಹೊಕ್ಕಾಯ್ದೊಗೆ ಹೋಗುವ ಹಡಗಿನಲ್ಲಿ ಒಬ್ಬಳೇ ನಿಲ್ಲುತ್ತಾಳೆ. (1988ರಲ್ಲಿ ಕಡಲಡಿಯ ಸುರಂಗ ತೆರೆದ ಮೇಲೆ ಆ ಸೇಕಾನ್ ಹಡಗಿನ ಓಡಾಟ ನಿಂತಿತು.) ಆರನೆಯದರಲ್ಲಿ ಇನ್ನೊಬ್ಬಳು, ಎಂದೂ ತೊಡದವನಿಗಾಗಿ ಸ್ವೆಟರ್ ಹೆಣೆಯುತ್ತಾಳೆ. ಎರಡರ ಸಾಹಿತ್ಯವೂ ಆಕು ಯೂ ಅವರದು. ಇಲ್ಲಿ ‘ನಾನು’ ಎನ್ನುವವಳಿಗೆ ಊರು, ರೈಲು, ಚಳಿ ಎಲ್ಲ ಇವೆ, ಅದು ಬೇರೆಯವರ ಕತೆ. ನಿಮ್ಮ ನೋವಿನಿಂದ ಒಂದು ಹೆಜ್ಜೆ ಆಚೆ ನಿಲ್ಲಲು ಜಾಗ ಸಿಗುವುದು ಹೀಗೆ. ಏಳನೆಯದು ಕಣ್ಣೀರು ಬೀಳದಂತೆ ಮೇಲೆ ನೋಡುತ್ತ ನಡೆಯುವವನ ಹಾಡು, ನಡುವೆ ಸಿಳ್ಳೆ ಇದೆ. 1963ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿದ್ದು ‘ಸುಕಿಯಾಕಿ’ ಎಂಬ ಅಡುಗೆಯ ಹೆಸರಿನಲ್ಲಿ, ಹಾಡಿಗೂ ಆ ಮಾಂಸದ ಅಡುಗೆಗೂ ಯಾವ ಸಂಬಂಧವೂ ಇಲ್ಲ.

ಕೆಡುವುದು ಎಲ್ಲಿ

ಆಟೊಪ್ಲೇ ಆಫ್ ಮಾಡದಿದ್ದರೆ ಏಳನೆಯ ಹಾಡಿನ ಬೆನ್ನಿಗೇ ‘ಲೆಮನ್’ ಬಂದು ಕೂರುವ ಸಾಧ್ಯತೆ ಇದೆ. ಶಫಲ್ ಬೇಡ, ಒಂದೇ ಹಾಡಿನ ರಿಪೀಟ್ ಅಂತೂ ಬೇಡವೇ ಬೇಡ. ಸ್ಪಾಟಿಫೈಯಲ್ಲಿ ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ, ಇಲ್ಲವಾದರೆ ಹಾಡಿನ ಕೊನೆಯ ಪಿಯಾನೊ ಮುಂದಿನ ಹಾಡಿನಡಿ ಸಿಕ್ಕು ಸಾಯುತ್ತದೆ. ಅವರು ಇನ್ನೂ ನಿಮ್ಮನ್ನು ಫಾಲೊ ಮಾಡುತ್ತಿದ್ದರೆ ಪ್ರೈವೇಟ್ ಸೆಷನ್ ಹಾಕಿ. ನೀವು ಏನು ಕೇಳುತ್ತಿದ್ದೀರಿ ಎಂದು ಅವರಿಗೆ ಕಾಣಲಿ ಎಂಬ ಆಸೆಯಿಂದ ಪಟ್ಟಿ ಮಾಡಿದರೆ ಅದು ಕೇಳುವುದಲ್ಲ, ಕಾಗದ ಬರೆಯುವುದು.

ಯೂಟ್ಯೂಬಿನಲ್ಲಿ ಹೆಸರಿನ ಪಕ್ಕ ‘ಶಾರ್ಟ್’ ಎಂದಿದ್ದರೆ ಹಾಡು ಅರ್ಧಕ್ಕೇ ನಿಲ್ಲುತ್ತದೆ. ‘ಆರ್ಗೆಲ್’ ಎಂದಿದ್ದರೆ ಅದು ಕೀ ಕೊಟ್ಟ ಡಬ್ಬಿಯ ಟಿಣಿಟಿಣಿ. ವೇಗ ಏರಿಸಿದ ‘ನೈಟ್‌ಕೋರ್’ ಸಹ ಬೇಡ. ಕನ್ನಡ ಲಿಪಿಯಲ್ಲಿ ಹುಡುಕಿದರೆ ಸಿಗುವುದು ಕಷ್ಟ, ಇಂಗ್ಲಿಷ್ ಅಕ್ಷರಗಳಲ್ಲಿ ಹಾಡಿನ ಹೆಸರಿನ ಜೊತೆ ಗಾಯಕರ ಹೆಸರನ್ನೂ ಹಾಕಿ. ಒಂದೇ ಹೆಸರಿನ ಹಾಡುಗಳು ಹತ್ತಾರು ಇರುತ್ತವೆ.

ಜಾಗಕ್ಕೆ ಉಣಕಲ್ ಕೆರೆಯ ದಂಡೆ, ಸಾಧನಕೇರಿ, ಇಲ್ಲವೇ ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನ ಕಿಟಕಿ ಸೀಟು. ಬೈಕಿನ ಮೇಲೆ ಇಯರ್‌ಫೋನ್ ಬೇಡ. ಹುಬ್ಬಳ್ಳಿಯಿಂದ ಗದಗಿನ ರೈಲಿಗೆ ಹತ್ತುವವರು ಹಾಡುಗಳನ್ನು ಮೊದಲೇ ಇಳಿಸಿಕೊಳ್ಳಿ. ವಾಲ್ಯೂಮ್ ಶೇ 60 ದಾಟದಿರಲಿ. ಹಾಸಿಗೆಯಲ್ಲಿ ಮಲಗಿ ಕೇಳುವುದು ಬೇಡ, ಊಟಕ್ಕೆ ಮೊದಲು ಮುಗಿಸಿ.

ಎರಡು ವಾರ ಕಳೆದರೂ ನಿದ್ದೆ, ಊಟ ದಾರಿಗೆ ಬರದಿದ್ದರೆ ಹಾಡಿನ ಪಟ್ಟಿ ಬದಲಿಸುತ್ತ ಕೂರಬೇಡಿ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ. ಬದುಕೇ ಬೇಡ ಎನ್ನಿಸಿದರೆ ಕಾಯದೆ ಆ ಕ್ಷಣವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಉಳಿದವರು ವಾರಕ್ಕೊಂದು ಹಾಡನ್ನು ಮೇಲಿನಿಂದ ತೆಗೆಯುತ್ತ ಬನ್ನಿ. ಎರಡು, ಮೂರನ್ನು ಮಾತ್ರ ಒಟ್ಟಿಗೇ ತೆಗೆಯಿರಿ, ಉತ್ತರವಿಲ್ಲದ ‘ಕಾಕುರೆಂಬೊ’ ಅಥವಾ ಪ್ರಶ್ನೆಯಿಲ್ಲದ ‘ಡ್ರೈ ಫ್ಲವರ್’ ಉಳಿಯಬಾರದು. ಐದರಿಂದ ಏಳರವರೆಗಿನವು ಮಾತ್ರ ಉಳಿದಾಗ ‘ಯುಕಿ ನೊ ಹಾನಾ’ ಒಮ್ಮೆ ಹಾಕಿ ನೋಡಿ. ಮೊದಲ ಸಾಬಿಗೇ ಎದೆ ಹಿಂಡಿದರೆ ಅಲ್ಲೇ ನಿಲ್ಲಿಸಿ, ಅದಕ್ಕೆ ಇನ್ನೊಂದು ತಿಂಗಳು ಕೊಡಿ.