ಅಡಿಗಲ್ಲಿನ ಠಣ್ ಠಣ್ ನಿಂತಿದ್ದು ಹೀಗೆ

ಚಿತ್ರದುರ್ಗದಲ್ಲಿ ನಮ್ಮದು ಮನೆಗೆ ಮನೆ ಅಂಟಿಕೊಂಡಿರುವ ಬೀದಿ. ಹಿತ್ತಲಲ್ಲಿ ಕುಲುಮೆ ಇಟ್ಟರೆ ಹೊಗೆಗಿಂತ ಸದ್ದಿನದೇ ತಲೆನೋವು. ಜಾಲಿ ಇದ್ದಿಲು ಹತ್ತಿಕೊಂಡ ಮೇಲೆ ಹೊಗೆ ಅಷ್ಟೇನೂ ಬರಲ್ಲ, ಆದರೆ ಅಡಿಗಲ್ಲಿನ, ಅಂದ್ರೆ ಕಾದ ಕಬ್ಬಿಣ ಇಟ್ಟು ಬಡಿಯೋ ಉಕ್ಕಿನ ದಿಮ್ಮಿಯ, ಸದ್ದು ಆಚೆ ಬೀದಿಗೂ ಕೇಳುತ್ತೆ. ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಮೇಲಿಂದ ಇಣುಕಿ, "ಏನಪ್ಪಾ, ಗುಡಿಗೆ ಗಂಟೆ ಮಾಡ್ತಿದ್ದೀಯಾ?" ಅಂತ ಕೇಳಿಯೇ ಬಿಟ್ಟರು.

ಸದ್ದು ಬರೀ ಏಟಿನದಲ್ಲ. ಏಟು ಬಿದ್ದ ಮೇಲೆ ಉಕ್ಕು ನಡುಗುತ್ತಲ್ಲ, ಅದರಲ್ಲೂ ಆಸರೆಯಿಲ್ಲದೆ ಚಾಚಿಕೊಂಡಿರುವ ಮೂತಿ ಮತ್ತು ಹಿಂಬದಿ, ಅವೇ ಜಾಸ್ತಿ ಮೊಳಗೋದು. ಆ ನಡುಕ ತಡೆದರೆ ಸಾಕು. ಗುಜರಿ ಅಂಗಡಿಯಿಂದ ಹಳೇ ಸ್ಪೀಕರಿನ ದಪ್ಪ ಮ್ಯಾಗ್ನೆಟ್ ತಂದು ಹಿಂಬದಿಯ ಅಡಿಗೆ ಅಂಟಿಸಿದೆ. ಅಲ್ಲೇ ಅರ್ಧ ಸದ್ದು ಸತ್ತಿತು! ಆಮೇಲೆ ದಪ್ಪ ಹಲಗೆಯ ಪೆಟ್ಟಿಗೆ ಮಾಡಿ, ಒಣ ಮರಳು ಗಿಡಿದು ತುಂಬಿ, ಅದರ ಮೇಲೆ ಅಡಿಗಲ್ಲು ಕೂರಿಸಿ ಸೊಂಟಕ್ಕೆ ಸರಪಳಿ ಬಿಗಿದೆ. ಮರಳಿನ ಇನ್ನೊಂದು ಲಾಭ, ಎತ್ತರ ಹೆಚ್ಚು ಕಡಿಮೆ ಮಾಡೋದು ಸುಲಭ: ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಗೆಣ್ಣು ಅಡಿಗಲ್ಲಿಗೆ ತಾಗಬೇಕು, ಇಲ್ಲಾಂದ್ರೆ ಬೆನ್ನು ಹಿಡಿಯುತ್ತೆ.

ಒಂದೇ ಕಿರಿಕಿರಿ, ಕಾದ ಕಬ್ಬಿಣದಿಂದ ಉದುರುವ ಕಪ್ಪು ಹೊಟ್ಟು ಮ್ಯಾಗ್ನೆಟ್ಟಿಗೆ ಮೆತ್ತಿಕೊಳ್ಳುತ್ತೆ. ಅದಕ್ಕೊಂದು ಬಟ್ಟೆ ಸುತ್ತಿದ್ದೇನೆ, ಬಿಚ್ಚಿ ಕೊಡವಿದರೆ ಆಯ್ತು. ಈಗ ದಪ್ ದಪ್ ಅನ್ನುತ್ತೆ ಅಷ್ಟೇ. ಹಾಗಂತ ಇಯರ್‌ಪ್ಲಗ್ ಬಿಟ್ಟಿಲ್ಲ.