ಸಂಜೆ ಹಚ್ಚಿದ ಬೆಂಕಿ, ಗದ್ದೆಯಲ್ಲಿ ಮಲಗಿದ ಹೊಗೆ

ಕಾಂಡಕೊರಕ ಹುಳ ಹಿಡಿದ ಅರೇಬಿಕಾ ಕಾಫಿ ಗಿಡವನ್ನು ತೋಟದಲ್ಲಿ ಬಿಡುವ ಹಾಗಿಲ್ಲ. ಏಪ್ರಿಲ್‌ನಲ್ಲಿ ಆ ಹುಳ ದುಂಬಿಯಾಗಿ ಹಾರುವ ಮೊದಲೇ ಕಿತ್ತು ಸುಡಬೇಕು. ಕೊಡಗಿನ ಮಾದಾಪುರದ ಕಡೆ ಇರುವ ನಮ್ಮ ತೋಟದಲ್ಲಿ ಫೆಬ್ರವರಿ ಕೊನೆಗೆ ಈ ಕೆಲಸ ಇದ್ದೇ ಇರುತ್ತದೆ. (ತರಗೆಲೆ, ಕಪಾತು ಮಾಡುವಾಗ, ಅಂದರೆ ಗಿಡ ಸವರುವಾಗ, ಬಿದ್ದ ಸೊಪ್ಪು ಸುಡುವುದಿಲ್ಲ. ಅದು ಗಿಡದ ಬುಡಕ್ಕೆ.)

ಮೊದಲೆಲ್ಲ ಸಂಜೆ ಆರಕ್ಕೆ ಬೆಂಕಿ ಹಚ್ಚುತ್ತಿದ್ದೆ. ಗಾಳಿ ಇರುವುದಿಲ್ಲ, ಕಿಡಿ ಹಾರುವ ಭಯ ಇಲ್ಲ ಅನ್ನೋ ಲೆಕ್ಕ. ಒಂದು ವರ್ಷ ಹಾಗೇ ಹಚ್ಚಿ ಮನೆಗೆ ಬಂದು ಕೂತಿದ್ದೆ. ಎಂಟು ಗಂಟೆಗೆ ಕೆಳಗೆ ಆಳುಗಳು ಇರುವ ಲೈನ್ ಮನೆಯಿಂದ ಫೋನು. ಮಗು ಕೆಮ್ಮುತ್ತಿದೆ, ಕಣ್ಣು ಬಿಡೋಕಾಗ್ತಿಲ್ಲ ಅಂದರು. ಟಾರ್ಚ್ ಹಿಡಿದು ಓಡಿದೆ. ಹೊಗೆ ಸಿಲ್ವರ್ ಓಕ್ ಮರದ ತುದಿವರೆಗೂ ಹೋಗಿರಲಿಲ್ಲ. ಅರ್ಧಕ್ಕೇ ಯಾರೋ ಹಲಗೆ ಅಡ್ಡ ಹಿಡಿದ ಹಾಗೆ ಚಪ್ಪಟೆಯಾಗಿ, ಲೈನ್ ಮನೆಗಳ ಮೇಲೆ ಹಾದು ಗದ್ದೆ ಕಡೆಗೆ ಇಳಿಯುತ್ತಿತ್ತು. ನಾಲ್ಕು ಜನ ಸೇರಿ ನೀರು ಹೊತ್ತು ಬೆಂಕಿ ಆರಿಸಿದೆವು. ಆ ತಾಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಎರಡು ಥರ್ಮಾಮೀಟರ್ ತಂದೆ. ಒಂದನ್ನು ಗದ್ದೆ ಬದಿಯ ಪಂಪ್ ಶೆಡ್ಡಿಗೆ, ಇನ್ನೊಂದನ್ನು ಗುಡ್ಡದ ಮೇಲಿನ ನಮ್ಮ ಮನೆ ಹೊರಗೆ ನೇತುಹಾಕಿದೆ. ಬೆಳಗ್ಗೆ ಆರೂವರೆಗೆ ಕೆಳಗೆ 11 ಡಿಗ್ರಿ, ಮೇಲೆ 15! ಸಾವಿರ ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಕಡಿಮೆಯಾಗಬೇಕು ಅಲ್ವಾ? ಇಲ್ಲಿ ಉಲ್ಟಾ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ನೀರಿನ ಹಾಗೆ ಇಳಿಜಾರು ಹಿಡಿದು ಗದ್ದೆಯಲ್ಲಿ ತುಂಬಿಕೊಳ್ಳುತ್ತದೆ. ಸುತ್ತಲಿನ ಗಾಳಿಗಿಂತ ಬಿಸಿಯಾಗಿರುವ ತನಕ ಮಾತ್ರ ಹೊಗೆ ಏರುತ್ತದೆ. ಏರುತ್ತಾ ಅದೂ ತಣ್ಣಗಾಗುತ್ತದೆ. ಮೇಲೆ ಬೆಚ್ಚಗಿನ ಗಾಳಿ ಕೂತಿದ್ದರೆ ಅದರ ಓಟ ಅಲ್ಲಿಗೇ ಮುಗಿಯಿತು. ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ಪ್ರವಾಸಿಗರು ಫೋಟೋ ಹೊಡೆಯುವ ಬೆಳಗಿನ ಮಂಜು ಕೂಡ ಹೀಗೇ ಕಣಿವೆಯಲ್ಲಿ ತುಂಬಿದ ತಣ್ಣನೆ ಗಾಳಿಯಲ್ಲೇ ಕೂತಿರುವುದು.

ಈಗ ಹತ್ತೂವರೆಗೆ ಮುಂಚೆ ಕಡ್ಡಿ ಗೀರುವುದಿಲ್ಲ. ಬಿಸಿಲು ನೆಲ ಕಾಯಿಸಿ, ಕೆಳಗಿನ ಥರ್ಮಾಮೀಟರ್ ಮೇಲಿನದನ್ನು ದಾಟಬೇಕು. ಮೊದಲು ಒಂದು ಹಿಡಿ ಹಸಿ ಸೊಪ್ಪು ಉರಿಸಿ ನೋಡುತ್ತೇನೆ. ಹೊಗೆ ಓಕ್ ಮರ ದಾಟಿ ಚದುರಿದರೆ ಸರಿ. ಹಗಲು ಗಾಳಿ ಏಳುತ್ತದೆ, ಅದೇ ತಲೆನೋವು. ಅದಕ್ಕೆ ರಾಶಿ ಚಿಕ್ಕದು, ಸುತ್ತ ಕೆತ್ತಿದ ಬರಿ ನೆಲ, ಪಕ್ಕದಲ್ಲಿ ಎರಡು ಡ್ರಮ್ ನೀರು. ಒಣಗಿದ ಗಿಡ ಜೋರಾಗಿ ಉರಿಯುತ್ತದೆ, ಹೊಗೆ ಕಮ್ಮಿ, ಏರುವುದೂ ಜಾಸ್ತಿ. ಎರಡು ಗಂಟೆಯೊಳಗೆ ಕೆಂಡವನ್ನೂ ಆರಿಸಿಬಿಡುತ್ತೇವೆ.

ಕಳೆದ ಮಾರ್ಚ್‌ನಲ್ಲಿ ಒಂದು ದಿನ ಹನ್ನೊಂದಾದರೂ ಮೋಡ ಬಿಡಲಿಲ್ಲ. ಸೊಪ್ಪಿನ ಹೊಗೆ ಮೊಣಕಾಲೆತ್ತರದಲ್ಲೇ ಸುತ್ತುತ್ತಿತ್ತು. ರಾಶಿಗೆ ಟಾರ್ಪಾಲ್ ಹೊದಿಸಿ, ಆಳುಗಳನ್ನು ಮೆಣಸು ಕೊಯ್ಯಲು ಕಳಿಸಿದೆ.