ಪ್ರಶ್ನೆ ಇಂಗ್ಲಿಷ್‌ನಲ್ಲಿ, ಉತ್ತರ ಕನ್ನಡದಲ್ಲಿ: ಧಾರವಾಡ ಸೀಮೆಯಲ್ಲಿದ್ದೇ ಯುಪಿಎಸ್‌ಸಿ ತಯಾರಿ

ಕನ್ನಡದಲ್ಲಿ ಐಎಎಸ್ ಪರೀಕ್ಷೆ ಬರೆಯಬಹುದೇ ಎಂದು ಕೇಳಿದವರಿಗೆ ‘ಬರೆಯಬಹುದು’ ಎಂದಷ್ಟೇ ಹೇಳಿ ಕಳಿಸಿದರೆ ಅರ್ಧ ಮಾತು ಹೇಳಿದಂತಾಯಿತು. ಮೊದಲ ಹಂತವಾದ ಪ್ರಿಲಿಮ್ಸ್‌ನ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಆಮೇಲಿನ ಲಿಖಿತ ಪರೀಕ್ಷೆಯಾದ ಮೇನ್ಸ್‌ನಲ್ಲಿ ಉತ್ತರವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ, ಆದರೆ ಪ್ರಶ್ನೆ ಅಲ್ಲಿಯೂ ಇಂಗ್ಲಿಷ್, ಹಿಂದಿಯಲ್ಲೇ ಬರುತ್ತದೆ. ಭಾಷಾ ಪತ್ರಿಕೆ ಮತ್ತು ಸಾಹಿತ್ಯ ಪತ್ರಿಕೆಗಳಷ್ಟೇ ಇದಕ್ಕೆ ಹೊರತು. ಕೆಎಎಸ್ ಪ್ರಿಲಿಮ್ಸ್ ಪತ್ರಿಕೆ ಕನ್ನಡದಲ್ಲೂ ಇರುವುದರಿಂದ, ಧಾರವಾಡದ ಸಪ್ತಾಪುರದ ರೂಮುಗಳಲ್ಲಿ ಕೆಎಎಸ್, ಪಿಎಸ್‌ಐ, ಪಿಡಿಒಗಳಿಗೆ ಓದಿದವರು ಅದೇ ಕ್ರಮವನ್ನು ಇಲ್ಲಿಗೂ ತಂದು ಮೊದಲ ಹಂತದಲ್ಲೇ ನಿಂತುಬಿಡುತ್ತಾರೆ. ವಿಷಯ ಗೊತ್ತಿಲ್ಲವೆಂದಲ್ಲ, ಗೊತ್ತಿದ್ದ ವಿಷಯ ಇಂಗ್ಲಿಷ್ ವೇಷದಲ್ಲಿ ಬಂದಾಗ ಗುರುತು ಸಿಗುವುದಿಲ್ಲ. ಆದ್ದರಿಂದ ಇಂಗ್ಲಿಷ್‌ನಲ್ಲಿ ಓದಿ ಕನ್ನಡದಲ್ಲಿ ಬರೆಯುವ ಅಭ್ಯಾಸವನ್ನು ಮೊದಲ ದಿನದಿಂದಲೇ ಕಟ್ಟಿಕೊಳ್ಳಬೇಕು. ಕೊನೆಯ ಎರಡು ತಿಂಗಳಲ್ಲಿ ಅದು ಬರುವುದಿಲ್ಲ.

ಪರೀಕ್ಷೆಯ ಲೆಕ್ಕ ಹೀಗಿದೆ. ಪ್ರಿಲಿಮ್ಸ್‌ನಲ್ಲಿ ಎರಡು ಪತ್ರಿಕೆ, ತಲಾ 200 ಅಂಕ, ತಲಾ 2 ಗಂಟೆ. ಮೊದಲನೆಯದು ಸಾಮಾನ್ಯ ಅಧ್ಯಯನ, 100 ಪ್ರಶ್ನೆ. ಮೇನ್ಸ್‌ಗೆ ಆಯ್ಕೆಯಾಗುವುದು ಇದರ ಅಂಕದ ಮೇಲೆ. ಎರಡನೆಯದು ಸಿಸ್ಯಾಟ್, ಅಂದರೆ ಗದ್ಯ ಗ್ರಹಿಕೆ, ಗಣಿತ, ತರ್ಕದ ಪತ್ರಿಕೆ, 80 ಪ್ರಶ್ನೆ, ಶೇ 33 ಅಂದರೆ 66 ಅಂಕ ಬಂದರೆ ಸಾಕು. ಮೇನ್ಸ್‌ನಲ್ಲಿ ಒಂಬತ್ತು ಪತ್ರಿಕೆ. ಕನ್ನಡ ಮತ್ತು ಇಂಗ್ಲಿಷ್ ಪತ್ರಿಕೆಗಳಿಗೆ ತಲಾ 300 ಅಂಕ. ಇವುಗಳಲ್ಲಿ ಶೇ 25 ಪಡೆದರೆ ಆಯಿತು. ಪ್ರಬಂಧ, ನಾಲ್ಕು ಸಾಮಾನ್ಯ ಅಧ್ಯಯನ, ಎರಡು ಐಚ್ಛಿಕ ಪತ್ರಿಕೆ, ಪ್ರತಿಯೊಂದಕ್ಕೂ 250 ಅಂಕದಂತೆ 1750. ಸಂದರ್ಶನದ 275 ಸೇರಿ ಒಟ್ಟು 2025.

ಸಿಸ್ಯಾಟ್ ಅನ್ನು ಮೊದಲೇ ಹಿಡಿಯಿರಿ

66 ಅಂಕವೆಂದರೆ ಸುಲಭವೆನಿಸುತ್ತದೆ. ಒಂದು ಪ್ರಶ್ನೆಗೆ 2.5 ಅಂಕ, ತಪ್ಪಿಗೆ ಮೂರನೇ ಒಂದು ಭಾಗ ಕಡಿತ. 34 ಸರಿ, 18 ತಪ್ಪಾದರೆ 85ರಲ್ಲಿ 15 ಹೋಗಿ 70 ಉಳಿಯುತ್ತದೆ. ಹೆಚ್ಚು ಅಂತರವೇನಿಲ್ಲ. ಕನ್ನಡ ಮಾಧ್ಯಮದವರನ್ನು ಕೆಡಿಸುವುದು ಗದ್ಯಭಾಗಗಳು: ಒಂದು ಪ್ಯಾರಾ ಓದಲು ಮೂರು ನಿಮಿಷ, ಆಮೇಲೆ ಎರಡು ಆಯ್ಕೆಗಳ ನಡುವೆ ತೂಗಾಟ. ಗಣಿತವನ್ನು ಹತ್ತನೇ ತರಗತಿಗೇ ಬಿಟ್ಟ ಕಲಾ ವಿಭಾಗದವರಿಗೆ ಇನ್ನೊಂದು ಕಷ್ಟ. ಹೀಗಾಗಿ ವರ್ಷದ ಆರಂಭದಲ್ಲೇ ಹಿಂದಿನ ಐದು ವರ್ಷಗಳ ಪತ್ರಿಕೆಗಳಲ್ಲಿ ಒಂದನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. 80 ಅಂಕಕ್ಕಿಂತ ಕಡಿಮೆ ಬಂದರೆ ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ ಇದಕ್ಕೇ ಮೀಸಲಿಡಿ: ಎರಡು ದಿನ ಶೇಕಡಾವಾರು, ಅನುಪಾತ, ಸಂಖ್ಯಾ ಪದ್ಧತಿ, ವೇಗ-ದೂರ, ತಾರ್ಕಿಕ ಪ್ರಶ್ನೆಗಳು, ಒಂದು ದಿನ ಬರೀ ಗದ್ಯಭಾಗ. ಮೇ ತಿಂಗಳಲ್ಲಿ ನೋಡಿಕೊಂಡರಾಯಿತು ಎಂದು ಬಿಟ್ಟವರು ಮೊದಲ ಪತ್ರಿಕೆಯಲ್ಲಿ ಕಟ್‌ಆಫ್ ದಾಟಿಯೂ ಹೊರಗುಳಿಯುತ್ತಾರೆ. ಅದಕ್ಕಿಂತ ನೋವಿನ ಫಲಿತಾಂಶ ಈ ಪರೀಕ್ಷೆಯಲ್ಲಿ ಇನ್ನೊಂದಿಲ್ಲ.

ಮೊದಲ ಪತ್ರಿಕೆಯಲ್ಲಿ ಎಷ್ಟು ಪ್ರಶ್ನೆ ಮುಟ್ಟಬೇಕು ಎಂಬುದನ್ನು ಗುಣಿಸಿಯೇ ತಿಳಿಯಬೇಕು. 85 ಪ್ರಶ್ನೆ ಬರೆದು 55 ಸರಿಯಾದರೆ 110ರಲ್ಲಿ 20 ಹೋಗಿ 90. 95 ಬರೆದು 50 ಸರಿಯಾದರೆ 100ರಲ್ಲಿ 30 ಹೋಗಿ 70. ಸಾಮಾನ್ಯ ವರ್ಗದ ಕಟ್‌ಆಫ್ 2021ರಲ್ಲಿ 87.54, 2022ರಲ್ಲಿ 88.22, 2023ರಲ್ಲಿ 75.41 ಇತ್ತು. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಬಲ್ಲಿರಾದರೆ ಉತ್ತರಿಸಿ, ಸರಾಸರಿಯಲ್ಲಿ ಲಾಭವಿದೆ. ಏನೂ ಹೊಳೆಯದಿದ್ದರೆ ಬಿಡಿ. ಇತ್ತೀಚೆಗೆ ‘ಇವುಗಳಲ್ಲಿ ಎಷ್ಟು ಹೇಳಿಕೆ ಸರಿ: ಒಂದು ಮಾತ್ರ, ಎರಡು ಮಾತ್ರ, ಮೂರೂ’ ಎಂಬ ಬಗೆಯ ಪ್ರಶ್ನೆಗಳು ಹೆಚ್ಚಿವೆ. ಅಲ್ಲಿ ಒಂದು ಹೇಳಿಕೆ ತಿಳಿದ ಮಾತ್ರಕ್ಕೆ ಆಯ್ಕೆಗಳು ಕಳಚಿ ಬೀಳುವುದಿಲ್ಲ, ಎಲ್ಲವೂ ಗೊತ್ತಿರಬೇಕು. ಮಾದರಿ ಪರೀಕ್ಷೆಗಳನ್ನು ಮೊಬೈಲಿನಲ್ಲಿ ಅಲ್ಲ, ಖಾಲಿ ಒಎಂಆರ್ ಹಾಳೆ ಮತ್ತು ಕಪ್ಪು ಬಾಲ್ ಪೆನ್ನಿನಲ್ಲೇ ಮಾಡಿ. ನೂರು ವೃತ್ತ ತುಂಬಲು ಹತ್ತು ನಿಮಿಷವಾದರೂ ಬೇಕು. ಆ ಹತ್ತು ನಿಮಿಷ ಲೆಕ್ಕದಲ್ಲಿ ಇಲ್ಲದವರು ಕೊನೆಗೆ ಸಾಲು ತಪ್ಪಿಸುತ್ತಾರೆ.

ಓದು

ಎನ್‌ಸಿಇಆರ್‌ಟಿಯ 6ರಿಂದ 12ನೇ ತರಗತಿಯ ಇತಿಹಾಸ, ಭೂಗೋಳ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಪುಸ್ತಕಗಳಿಂದ ಶುರುಮಾಡಿ. ಇಂಗ್ಲಿಷ್ ಭಾರವೆನಿಸಿದರೆ ಅದೇ ಪಾಠವನ್ನು ರಾಜ್ಯ ಪಠ್ಯಪುಸ್ತಕದಲ್ಲಿ ಕನ್ನಡದಲ್ಲಿ ಮೊದಲು ಓದಿ, ಆಮೇಲೆ ಇಂಗ್ಲಿಷ್ ಪಾಠಕ್ಕೆ ಬನ್ನಿ, ಈ ಕ್ರಮ ತಿರುಗಿಸಬೇಡಿ. ಧಾರವಾಡದ ಅಂಗಡಿಗಳಲ್ಲಿ ಸಿಗುವ ಕನ್ನಡದ ಗೈಡುಗಳು ಹೆಚ್ಚಾಗಿ ರಾಜ್ಯ ಮಟ್ಟದ ಪರೀಕ್ಷೆಗಳಿಗೆ ಮಾಡಿದಂಥವು. ವಿಷಯ ಅರ್ಥಮಾಡಿಕೊಳ್ಳಲು ನೆರವಾಗುತ್ತವೆ, ಅವುಗಳಲ್ಲೇ ನಿಲ್ಲಬಾರದು.

ದಿನಪತ್ರಿಕೆ ಎರಡು ಬೇಕು, ಎರಡಕ್ಕೂ ಸೇರಿ ಒಂದೂಕಾಲು ಗಂಟೆ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟ ಭಾಷೆಗಾಗಿ ಮತ್ತು ವಾದಕ್ಕಾಗಿ. ಕನ್ನಡ ಪತ್ರಿಕೆ ಪದಗಳಿಗಾಗಿ: ಹಣಕಾಸು ಆಯೋಗ, ಜಾಮೀನು, ಅಧಿಸೂಚನೆ, ವಿತ್ತೀಯ ಕೊರತೆ ಎಂಬ ಮಾತುಗಳು ವಾಕ್ಯದಲ್ಲಿ ಹೇಗೆ ಕೂರುತ್ತವೆ ಎಂಬುದು ಅಲ್ಲಿ ಕಾಣುತ್ತದೆ. ಜೊತೆಗೆ ‘ಯೋಜನಾ’ ಮಾಸಪತ್ರಿಕೆಯ ಕನ್ನಡ ಆವೃತ್ತಿ, ಕೇಂದ್ರ ಸರ್ಕಾರದ ಪತ್ರಿಕಾ ಪ್ರಕಟಣೆ ಸಂಸ್ಥೆ ಪಿಐಬಿಯ ಕನ್ನಡ ಪ್ರಕಟಣೆಗಳು.

ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಗೆರೆ ಹಾಕಿ. ಒಂದರಲ್ಲಿ ಇಂಗ್ಲಿಷ್ ಪದ, ಇನ್ನೊಂದರಲ್ಲಿ ಕನ್ನಡ ಪದ, ಮೂರನೆಯದರಲ್ಲಿ ಅದನ್ನು ಬಳಸಿದ ಒಂದು ಪೂರ್ಣ ವಾಕ್ಯ. ವಾಕ್ಯವಿಲ್ಲದ ಪಟ್ಟಿ ಪರೀಕ್ಷೆಯ ಕೋಣೆಯಲ್ಲಿ ನೆನಪಾಗುವುದಿಲ್ಲ. ದಿನಕ್ಕೆ ಐದು ಪದ ಸಾಕು. ಸಂವಿಧಾನದ ಪದಗಳಿಗೆ ಸರ್ಕಾರದ ಅಧಿಕೃತ ಕನ್ನಡ ಆವೃತ್ತಿಯನ್ನೇ ನೋಡಿ. ಒಂದೊಂದು ಗೈಡಿನಲ್ಲಿ ಒಂದೊಂದು ಪದವಿದ್ದು ನಿಮ್ಮ ಉತ್ತರದಲ್ಲಿ ಎರಡೂ ಬೆರೆತರೆ ಮೌಲ್ಯಮಾಪಕರಿಗೆ ಗೊಂದಲವಾಗುತ್ತದೆ. ಪಾರಿಭಾಷಿಕ ಪದದ ಪಕ್ಕ ಆವರಣದಲ್ಲಿ ಅದರ ಇಂಗ್ಲಿಷ್ ರೂಪ ಬರೆಯಲು ಆಯೋಗ ಅನುಮತಿ ಕೊಟ್ಟಿದೆ. ಈ ಅನುಕೂಲ ಪದಕ್ಕಷ್ಟೇ, ಇಡೀ ವಾಕ್ಯ ಇಂಗ್ಲಿಷ್‌ಗೆ ಜಾರಿದರೆ ಅಂಕ ಹೋಗುತ್ತದೆ.

ಬರವಣಿಗೆ

ಸಾಮಾನ್ಯ ಅಧ್ಯಯನದ ಮೊದಲ ಮೂರು ಪತ್ರಿಕೆಗಳಲ್ಲಿ 20 ಪ್ರಶ್ನೆ: ಹತ್ತು ಪ್ರಶ್ನೆಗೆ 10 ಅಂಕ, 150 ಪದ, ಹತ್ತಕ್ಕೆ 15 ಅಂಕ, 250 ಪದ. ಮೂರು ಗಂಟೆಯನ್ನು ಹಂಚಿದರೆ ಚಿಕ್ಕದಕ್ಕೆ 7 ನಿಮಿಷ, ದೊಡ್ಡದಕ್ಕೆ 11 ನಿಮಿಷ. ಇದರಲ್ಲಿ ಪ್ರಶ್ನೆ ಓದುವುದೂ ಸೇರಿದೆ. ಬೆಳಿಗ್ಗೆ ಮೂರು, ಮಧ್ಯಾಹ್ನ ಮೂರು, ಹೀಗೆ ಒಂದೇ ದಿನ ಆರು ಗಂಟೆ ಕೈ ಓಡಬೇಕು.

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟುವುದರಿಂದ ಪದ ಉದ್ದ, ಸಂಖ್ಯೆ ಕಡಿಮೆ. 150 ಪದದ ಉತ್ತರದ ಸಾರ ಕನ್ನಡದಲ್ಲಿ 110-120 ಪದಗಳಲ್ಲಿ ಮುಗಿಯುತ್ತದೆ. ಸಂಖ್ಯೆ ತುಂಬಿಸಲು ಎಳೆಯುವ ಅಗತ್ಯವಿಲ್ಲ. ಉತ್ತರದ ಜಾಗ ಪುಸ್ತಿಕೆಯಲ್ಲಿ ಮೊದಲೇ ನಿಗದಿಯಾಗಿರುತ್ತದೆ, ಅದರಾಚೆ ಬರೆದದ್ದು ಲೆಕ್ಕಕ್ಕಿಲ್ಲ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲಿನ ಅಂತರ ಬಿಡುವುದನ್ನು ಗೆರೆಯಿಲ್ಲದ ಎ4 ಹಾಳೆಯಲ್ಲಿ ರೂಢಿಸಿಕೊಳ್ಳಿ.

ಅಭ್ಯಾಸ ಹೀಗಿರಲಿ. ಹಿಂದಿನ ವರ್ಷದ ಇಂಗ್ಲಿಷ್ ಪ್ರಶ್ನೆಯನ್ನೇ ಎತ್ತಿಕೊಳ್ಳಿ, ಕನ್ನಡಕ್ಕೆ ತಿರುಗಿಸಿಟ್ಟ ಪ್ರಶ್ನೆ ಬೇಡ. ಮೊದಲ ಒಂದು ನಿಮಿಷ ಪ್ರಶ್ನೆಯ ಕ್ರಿಯಾಪದಕ್ಕೆ ಗೆರೆ ಎಳೆಯಿರಿ. ‘ಡಿಸ್ಕಸ್’ ಎಂದಿದ್ದರೆ ಹಲವು ಮುಖಗಳು ಬೇಕು. ‘ಕ್ರಿಟಿಕಲಿ ಎಕ್ಸಾಮಿನ್’ ಎಂದಿದ್ದರೆ ಪರ, ವಿರೋಧ ಎರಡನ್ನೂ ತೂಗಿ ನಿಮ್ಮ ತೀರ್ಮಾನ ಹೇಳಬೇಕು. ಎರಡಕ್ಕೂ ಒಂದೇ ಉತ್ತರ ಬರೆಯುವುದು ಅತಿ ಸಾಮಾನ್ಯ ತಪ್ಪು. ಆಮೇಲೆ ಪೀಠಿಕೆಗೆ ಎರಡೇ ವಾಕ್ಯ, ನಡುವೆ ಪ್ರಶ್ನೆಯ ಪ್ರತಿ ತುಂಡಿಗೂ ಉತ್ತರ, ಕೊನೆಗೆ ಒಂದು ದಾರಿ. ಮೊದಲ ಎರಡು ತಿಂಗಳು ದಿನಕ್ಕೆ ಎರಡು ಉತ್ತರ, ಆಮೇಲೆ ನಾಲ್ಕು, ಪ್ರಿಲಿಮ್ಸ್ ಮುಗಿದ ಮೇಲೆ ವಾರಕ್ಕೆ ಎರಡು ಪೂರ್ಣ ಪತ್ರಿಕೆ. ಮೂರು ಜನ ಸೇರಿ ಒಬ್ಬರದನ್ನೊಬ್ಬರು ತಿದ್ದಿದರೆ ಸಾಕಷ್ಟು ಸುಧಾರಣೆಯಾಗುತ್ತದೆ.

ಉದಾಹರಣೆಗಳಿಗೆ ದೂರ ಹೋಗಬೇಕಿಲ್ಲ. ಧಾರವಾಡ, ಗದಗ, ಹಾವೇರಿ ಈ ಮೂರು ಜಿಲ್ಲೆಗಳಲ್ಲಿ ಪಠ್ಯಕ್ರಮಕ್ಕೆ ನೇರ ತಾಗುವ ಸಂಗತಿಗಳು ತುಂಬಿವೆ, ಆದರೂ ಇಲ್ಲಿನವರೇ ಅವನ್ನು ಬರೆಯುವುದಿಲ್ಲ. ಸಹಕಾರದ ಪ್ರಶ್ನೆ ಬಂದರೆ ಗದಗ ಜಿಲ್ಲೆಯ ಕಣಗಿನಹಾಳ: 1904ರ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸಹಕಾರ ಸಂಘ ಕಟ್ಟಿದರು. ಅಲ್ಲಿಂದ ಸಹಕಾರ ಸಂಘಗಳ ಕುರಿತ ಸಂವಿಧಾನದ 97ನೇ ತಿದ್ದುಪಡಿಗೆ, ಅದರ ಬಗೆಗಿನ 2021ರ ಸುಪ್ರೀಂ ಕೋರ್ಟ್ ತೀರ್ಪಿಗೆ, ಅದೇ ವರ್ಷ ರಚನೆಯಾದ ಸಹಕಾರ ಸಚಿವಾಲಯಕ್ಕೆ ಬಂದರೆ ಉತ್ತರಕ್ಕೆ ಬೆನ್ನೆಲುಬು ಸಿಗುತ್ತದೆ. ಅಂತರರಾಜ್ಯ ಜಲವಿವಾದಕ್ಕೆ ಮಹದಾಯಿ ಇದೆ: ಸಂವಿಧಾನದ 262ನೇ ವಿಧಿ, 1956ರ ಕಾಯ್ದೆ, 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಹಂಚಿದ ನ್ಯಾಯಮಂಡಳಿ ಐತೀರ್ಪು, ಆಮೇಲೂ ಮುಗಿಯದ ತಕರಾರು. ದೇವಾಲಯ ವಾಸ್ತುವಿಗೆ ಲಕ್ಕುಂಡಿ. ಬಾದಾಮಿಯ ಮರಳುಗಲ್ಲಿನಿಂದ ಬಳಪದ ಕಲ್ಲಿಗೆ ಬಂದಾಗ ಕೆತ್ತನೆ ಹೇಗೆ ಸೂಕ್ಷ್ಮವಾಯಿತು ಎಂಬುದನ್ನು ಕಾಶಿವಿಶ್ವೇಶ್ವರ ಗುಡಿಯ ಮುಂದೆ ನಿಂತು ನೋಡಿದವರು ಮರೆಯುವುದಿಲ್ಲ. ಜೌಗು ಪ್ರದೇಶಕ್ಕೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ, ಭೌಗೋಳಿಕ ಸೂಚಕಕ್ಕೆ ಬ್ಯಾಡಗಿ ಮೆಣಸಿನಕಾಯಿ ಮತ್ತು ನವಲಗುಂದ ಜಮಖಾನ, 1858ರ ಪ್ರತಿರೋಧಕ್ಕೆ ನರಗುಂದ, ದಂಡಿ ಯಾತ್ರೆಗೆ ಮೈಲಾರ ಮಹದೇವಪ್ಪ. ಒಂದು ಉದಾಹರಣೆಗೆ ಒಂದೇ ಸಾಲು. ಪ್ರಶ್ನೆ ದೇಶದ್ದು, ನಿಮ್ಮ ಊರಿನದಲ್ಲ; ಅರ್ಧ ಪುಟ ಊರ ಕತೆಯಾದರೆ ಪ್ರಶ್ನೆಯ ಉಳಿದ ಭಾಗ ಬಾಕಿಯಾಗುತ್ತದೆ.

ಕನ್ನಡದ ಕಡ್ಡಾಯ ಪತ್ರಿಕೆಯನ್ನು ಕನ್ನಡಿಗರೇ ಕಡೆಗಣಿಸುತ್ತಾರೆ. ಪ್ರಬಂಧ 100, ಗದ್ಯಭಾಗದ ಪ್ರಶ್ನೆಗಳು 60, ಸಾರಾಂಶ 60, ಎರಡೂ ದಿಕ್ಕಿನ ಅನುವಾದ ತಲಾ 20, ವ್ಯಾಕರಣ 40. 75 ಅಂಕ ಬಾರದಿದ್ದರೆ ಉಳಿದ ಪತ್ರಿಕೆಗಳ ಅಂಕ ಗಣನೆಗೇ ಬರುವುದಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಹುಬ್ಬಳ್ಳಿಯ ಎಂಜಿನಿಯರಿಂಗ್ ಪದವೀಧರರು ಎಡವುವುದು ಇಲ್ಲೇ. ವಾರಕ್ಕೊಂದು ಸಾರಾಂಶ, ಮೂರನೇ ಒಂದು ಭಾಗಕ್ಕೆ ಇಳಿಸಿ ಬರೆದರೆ ಸಾಕು.

ಐಚ್ಛಿಕವಾಗಿ ಕನ್ನಡ ಸಾಹಿತ್ಯ ಆಯ್ದುಕೊಳ್ಳಲು ಕನ್ನಡದಲ್ಲೇ ಪದವಿ ಆಗಿರಬೇಕೆಂದಿಲ್ಲ. ಸಾಮಾನ್ಯ ಅಧ್ಯಯನವನ್ನು ಇಂಗ್ಲಿಷ್‌ನಲ್ಲಿ ಬರೆಯುವವರೂ ತೆಗೆದುಕೊಳ್ಳಬಹುದು. ಪಂಪ, ಕುಮಾರವ್ಯಾಸ, ಕನಕದಾಸರು ಪಠ್ಯದಲ್ಲಿದ್ದಾರೆ. ಈ ಮೂವರ ಹೆಸರಿನೊಡನೆ ಬೆಸೆದ ಅಣ್ಣಿಗೇರಿ, ಗದುಗು, ಬಾಡದ ನಂಟಿರುವ ನಮಗೆ ಇದು ಪ್ರೀತಿಯ ವಿಷಯವೇ. ಆದರೆ ಅಂಕ ಕೊಡುವುದು ಪ್ರೀತಿಯಲ್ಲ, ಪಠ್ಯದ ಸಾಲು. ನಿಗದಿತ ಭಾಗವನ್ನು ಮೂಲದಲ್ಲಿ ಓದಿ, ಪ್ರತಿ ಕೃತಿಯಿಂದ 15-20 ಪದ್ಯ ಅಥವಾ ವಾಕ್ಯ ಕಂಠಪಾಠ ಮಾಡಿ. ಒಂದನೇ ಮತ್ತು ಐದನೇ ಪ್ರಶ್ನೆ ಕಡ್ಡಾಯ, ತಲಾ ಐದು ಕಿರು ಉತ್ತರ; ಒಂದು ಕೃತಿ ಬಿಟ್ಟರೂ ಅಲ್ಲಿ ಸಿಕ್ಕಿಬೀಳುತ್ತೀರಿ. ಹಳಗನ್ನಡದ ಅನ್ವಯ ಒಗ್ಗದವರು ಬೇರೆ ವಿಷಯ ನೋಡಿಕೊಳ್ಳುವುದೇ ಒಳ್ಳೆಯದು.

ಕಾಗದಪತ್ರ

ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 2ಎ ಅಥವಾ 3ಬಿ ಇದ್ದ ಮಾತ್ರಕ್ಕೆ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇರುತ್ತದೆಂದು ತಿಳಿಯಬೇಡಿ. ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಜಾಲತಾಣದಲ್ಲಿ ಕರ್ನಾಟಕದ ಪಟ್ಟಿ ತೆರೆದು ಉಪಜಾತಿಯ ಹೆಸರನ್ನು ಅಕ್ಷರಶಃ ತಾಳೆ ನೋಡಿ. ಇದ್ದರೆ ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ಬೇಕು, ಅದೂ ಅರ್ಜಿಯ ಕೊನೆಯ ದಿನದೊಳಗಿನ ದಿನಾಂಕದ್ದು. ಸಾಮಾನ್ಯ ಜಾತಿ-ಆದಾಯ ಪತ್ರ ನಡೆಯುವುದಿಲ್ಲ. ಪಟ್ಟಿಯಲ್ಲಿ ಇಲ್ಲದವರು ಆರ್ಥಿಕವಾಗಿ ದುರ್ಬಲರಾದವರ ಮೀಸಲಾತಿಗೆ (ಇಡಬ್ಲ್ಯುಎಸ್) ಪ್ರಯತ್ನಿಸಬಹುದು, ಆದರೆ ಕುಟುಂಬಕ್ಕೆ 5 ಎಕರೆ ಅಥವಾ ಹೆಚ್ಚು ಕೃಷಿ ಜಮೀನಿದ್ದರೆ ಅದು ಸಿಗದು. ಗದಗ, ರೋಣದ ಕಡೆ ಮಳೆಯಾಶ್ರಿತ ಎರೆಹೊಲ ಹತ್ತು ಎಕರೆ ಇದ್ದು ಕೈಯಲ್ಲಿ ಹಣವಿಲ್ಲದ ಮನೆಗಳಿಗೆ ಇದು ಅನ್ಯಾಯವೆನಿಸುತ್ತದೆ, ನಿಯಮ ಮಾತ್ರ ಹಾಗೇ ಇದೆ. ವಯಸ್ಸು 21ರಿಂದ 32; ಒಬಿಸಿಗೆ 35, ಎಸ್‌ಸಿ-ಎಸ್‌ಟಿಗೆ 37. ಅವಕಾಶಗಳು ಸಾಮಾನ್ಯರಿಗೆ 6, ಒಬಿಸಿಗೆ 9, ಎಸ್‌ಸಿ-ಎಸ್‌ಟಿಗೆ ವಯಸ್ಸಿನ ಮಿತಿಯವರೆಗೆ. ಪ್ರಿಲಿಮ್ಸ್‌ನ ಒಂದು ಪತ್ರಿಕೆಗೆ ಕುಳಿತರೂ ಒಂದು ಅವಕಾಶ ಮುಗಿದಂತೆ. ತಯಾರಿಯಿಲ್ಲದೆ ‘ನೋಡಿ ಬರುವುದು’ ಬೇಡ.

ಪ್ರಿಲಿಮ್ಸ್‌ಗೆ ಧಾರವಾಡದಲ್ಲೇ ಕೇಂದ್ರವಿದೆ. ಕೇಂದ್ರಗಳು ಮೊದಲು ಅರ್ಜಿ ಹಾಕಿದವರಿಗೆ ಮೊದಲು ಎಂಬ ಲೆಕ್ಕದಲ್ಲಿ ತುಂಬುವುದರಿಂದ ಅಧಿಸೂಚನೆ ಬಂದ ಮೊದಲ ವಾರವೇ ಅರ್ಜಿ ಸಲ್ಲಿಸಿ. ಶುಲ್ಕ 100 ರೂಪಾಯಿ. ಮಹಿಳೆಯರು, ಎಸ್‌ಸಿ-ಎಸ್‌ಟಿ ಮತ್ತು ಅಂಗವಿಕಲರಿಗೆ ಇಲ್ಲ. ಬೆಳಗಿನ ಪತ್ರಿಕೆ 9.30ಕ್ಕೆ, ಗೇಟು ಮುಚ್ಚುವುದು ಅದಕ್ಕೂ ಮೊದಲು. ಹಾವೇರಿ, ಗದಗದವರು ಹಿಂದಿನ ರಾತ್ರಿಯೇ ಬಂದು ಉಳಿಯುವುದು ಲೇಸು. ಹುಬ್ಬಳ್ಳಿಯವರು ಚಿಗರಿ ಬಸ್ಸನ್ನೇ ನಂಬಿದ್ದರೂ ಒಂದು ಗಂಟೆ ಮೊದಲೇ ಹೊರಡಲಿ. ಮೇನ್ಸ್‌ಗೆ ಬೆಂಗಳೂರಿಗೇ ಹೋಗಬೇಕು. ಕೇಂದ್ರಕ್ಕೆ ನಡೆದು ಹೋಗುವಷ್ಟು ಹತ್ತಿರ ರೂಮು ಹಿಡಿದು, ಎರಡು ದಿನ ಮೊದಲೇ ತಲುಪಿ.

ಸಂದರ್ಶನ ದೆಹಲಿಯಲ್ಲಿ. ಮೇನ್ಸ್ ಕನ್ನಡದಲ್ಲಿ ಬರೆದವರು ಸಂದರ್ಶನಕ್ಕೂ ಕನ್ನಡ ಕೇಳಬಹುದು, ಭಾಷಾಂತರಕಾರರು ಇರುತ್ತಾರೆ. ಅವರು ನಿಮ್ಮ ಮಾತು ಮುಗಿದ ಮೇಲೆ ಅದನ್ನು ದಾಟಿಸಬೇಕು. ಉದ್ದ ವಾಕ್ಯ ಹೇಳಿದರೆ ಅರ್ಧ ಕಳೆದುಹೋಗುತ್ತದೆ. ಎರಡು-ಮೂರು ಚಿಕ್ಕ ವಾಕ್ಯಗಳಲ್ಲಿ ಒಂದು ವಿಚಾರ ಮುಗಿಸುವುದನ್ನು, ನಡುವೆ ಒಬ್ಬ ಸ್ನೇಹಿತರನ್ನು ಭಾಷಾಂತರಕ್ಕೆ ಕೂರಿಸಿಕೊಂಡು ಕನಿಷ್ಠ ಹತ್ತು ಸಲ ಅಭ್ಯಾಸ ಮಾಡಿ. ಅರ್ಜಿಯಲ್ಲಿ ಬರೆದ ಪ್ರತಿ ಪದದ ಮೇಲೂ ಪ್ರಶ್ನೆ ಬರಬಹುದು. ಹವ್ಯಾಸ ಹಿಂದೂಸ್ತಾನಿ ಸಂಗೀತ ಎಂದು ಬರೆದಿದ್ದರೆ ಕಿರಾನಾ ಘರಾನಾದ ಗಾಯನದ ಲಕ್ಷಣವನ್ನೂ, ಅದು ಕುಂದಗೋಳಕ್ಕೂ ಹುಬ್ಬಳ್ಳಿಗೂ ಹೇಗೆ ಬಂತೆಂಬುದನ್ನೂ ಹೇಳಲು ಬರಬೇಕು. ಹೇಳಲು ಬಾರದ ಹವ್ಯಾಸವನ್ನು ಅರ್ಜಿಯಲ್ಲಿ ಬರೆಯದಿರುವುದೇ ಸರಿ.